ಪರದೆಯ ಮುಖ, ಪಕ್ಕದ ಮನೆಯ ಮುಖ: ಡಿಜಿಟಲ್ ಭಾವಚಿತ್ರವನ್ನು ತರಗತಿಗೆ ತರುವ ಬಗೆ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೆಯ ತರಗತಿಯ ಚಿತ್ರಕಲಾ ಪಾಠವೊಂದನ್ನು ವೀಕ್ಷಿಸಲು ಹೋಗಿದ್ದೆ. ಪ್ರಶಿಕ್ಷಣಾರ್ಥಿ ಚೆನ್ನಾಗಿ ಸಿದ್ಧತೆ ಮಾಡಿಕೊಂಡಿದ್ದರು. ತಾವೇ ಮೊಬೈಲಿನಲ್ಲಿ ಬರೆದಿದ್ದ ಚಿತ್ರನಟರೊಬ್ಬರ ಡಿಜಿಟಲ್ ಭಾವಚಿತ್ರವನ್ನು ತೋರಿಸಿ, ‘ಇದನ್ನು ನೋಡಿಕೊಂಡು ನಿಮಗಿಷ್ಟವಾದ ಒಬ್ಬರ ಮುಖ ಬರೆಯಿರಿ’ ಎಂದರು. ಮಕ್ಕಳು ಉತ್ಸಾಹದಿಂದ ತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಹುಡುಗಿಯೊಬ್ಬಳು ಕ್ರೇಯಾನ್ ಪೆಟ್ಟಿಗೆಯಿಂದ ತಿಳಿ ಗುಲಾಬಿ ಕಡ್ಡಿಯೊಂದನ್ನು ಎತ್ತಿ ಹಿಡಿದು, ‘ಮಿಸ್, ನಮ್ಮಜ್ಜಿಗೂ ಇದೇ ಹಚ್ಚಬೇಕಾ?’ ಎಂದು ಕೇಳಿದಳು. ‘ಹೌದಮ್ಮ, ಅದೇ ಸ್ಕಿನ್ ಕಲರ್, ಹಚ್ಚು’ ಎಂದರು ಪ್ರಶಿಕ್ಷಣಾರ್ಥಿ. ನಾನು ವೀಕ್ಷಣಾ ಪುಸ್ತಕದಲ್ಲಿ ‘ಸಮಯಪಾಲನೆ ಉತ್ತಮ, ಮಕ್ಕಳ ಭಾಗವಹಿಸುವಿಕೆ ತೃಪ್ತಿಕರ’ ಎಂದು ಬರೆದು ಸಹಿ ಹಾಕಿದೆ.

ಆ ಪ್ರಶ್ನೆಯ ತೂಕ ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ಮಗು ಕೇಳಿದ್ದು ಬಣ್ಣದ ಹೆಸರನ್ನಲ್ಲ; ತಾನು ದಿನವೂ ನೋಡುವ ಮುಖ ಚಿತ್ರಕ್ಕೆ ಹೊಂದುತ್ತದೆಯೇ ಎಂಬುದನ್ನು. ಅದಕ್ಕೆ ನಾವಿಬ್ಬರೂ ಉತ್ತರ ಕೊಡಲಿಲ್ಲ. ಡಿಜಿಟಲ್ ಭಾವಚಿತ್ರ ಎಂದರೇನು, ಅದನ್ನು ಪಾಠವಾಗಿಸುವಾಗ ಏನೇನು ಗಮನಿಸಬೇಕು ಎಂಬುದನ್ನು ಆ ತಪ್ಪಿನಿಂದಲೇ ಆರಂಭಿಸಿ ಇಲ್ಲಿ ವಿವರಿಸಿದ್ದೇನೆ.

ಉಪಕರಣ ಹೊಸದು, ಕೆಲಸ ಹಳೆಯದು

ಕಾಗದದ ಬದಲು ಪರದೆ, ಕುಂಚದ ಬದಲು ಸ್ಟೈಲಸ್ ಅಥವಾ ಬೆರಳು: ಡಿಜಿಟಲ್ ಚಿತ್ರದಲ್ಲಿ ಮೇಲ್ನೋಟಕ್ಕೆ ಕಾಣುವ ವ್ಯತ್ಯಾಸ ಇಷ್ಟೇ. ಇಂಗ್ಲೆಂಡಿನ ಹೆಸರಾಂತ ಕಲಾವಿದ ಡೇವಿಡ್ ಹಾಕ್ನಿ 2009ರಲ್ಲಿ ಐಫೋನಿನಲ್ಲೂ ಮರುವರ್ಷ ಐಪ್ಯಾಡಿನಲ್ಲೂ ಚಿತ್ರ ಬರೆಯಲು ತೊಡಗಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ಹೊಸ ಉಪಕರಣ ಕೈಗೆ ಬಂದಿತೇ ಹೊರತು, ನೋಡುವ ಅಭ್ಯಾಸ ಐವತ್ತು ವರ್ಷ ಹಳೆಯದು.

ಆದರೂ ಮೂರು ಅಂಶಗಳನ್ನು ಪ್ರಶಿಕ್ಷಣಾರ್ಥಿಗಳು ತಿಳಿದಿರಬೇಕು. ಮೊದಲನೆಯದು ಪಿಕ್ಸೆಲ್. ಪರದೆಯ ಚಿತ್ರ ಸಣ್ಣ ಸಣ್ಣ ಬಣ್ಣದ ಚೌಕಗಳಿಂದ ಆದದ್ದು. ಎ4 ಹಾಳೆಯ ಅಳತೆಯಲ್ಲಿ ಸ್ಪಷ್ಟವಾಗಿ ಮುದ್ರಿಸಬೇಕಾದರೆ ಅಂಗುಲಕ್ಕೆ 300ರಂತೆ ಅಡ್ಡಕ್ಕೆ 2480, ಉದ್ದಕ್ಕೆ 3508 ಪಿಕ್ಸೆಲ್ ಬೇಕು. ಮೊಬೈಲಿನಲ್ಲಿ ಚೆಂದ ಕಂಡ ಚಿತ್ರ ಗೋಡೆಪತ್ರಿಕೆಗೆ ಹಾಕಿದಾಗ ಮಸುಕಾಗುವುದು ಈ ಲೆಕ್ಕ ತಪ್ಪಿದಾಗ. ಎರಡನೆಯದು ಲೇಯರ್, ಅಂದರೆ ಪದರ. ಓವರ್‌ಹೆಡ್ ಪ್ರೊಜೆಕ್ಟರ್ ಕಾಲದ ಪಾರದರ್ಶಕ ಹಾಳೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಅಳತೆಯ ಗೆರೆ ಒಂದು ಹಾಳೆಯಲ್ಲಿ, ಹೊರಗೆರೆ ಇನ್ನೊಂದರಲ್ಲಿ, ಬಣ್ಣ ಮತ್ತೊಂದರಲ್ಲಿ. ಒಂದನ್ನು ತಿದ್ದಿದರೆ ಉಳಿದವು ಕೆಡುವುದಿಲ್ಲ. ಮೂರನೆಯದು ಹಿಂದಕ್ಕೆ ಹೋಗುವ ಸೌಲಭ್ಯ. ತಪ್ಪಿದ ಗೆರೆಯನ್ನು ಒಂದು ಒತ್ತಿನಲ್ಲಿ ಅಳಿಸಬಹುದು. ಅಂಜುವ ಮಗುವಿಗೆ ಇದು ಧೈರ್ಯ ಕೊಡುತ್ತದೆ. ಆದರೆ ಯಾವ ಗೆರೆಯೂ ನಿಲ್ಲದಂತೆ ಅಳಿಸುತ್ತಲೇ ಕೂರುವ ಚಾಳಿಯನ್ನೂ ಕಲಿಸುತ್ತದೆ. ‘ಮೂರು ಸಲಕ್ಕಿಂತ ಹೆಚ್ಚು ಅಳಿಸಬಾರದು’ ಎಂಬ ನಿಯಮ ತರಗತಿಯಲ್ಲಿ ಉಪಯುಕ್ತ. ತಂತ್ರಾಂಶ ಕೊಳ್ಳಬೇಕಾಗಿಲ್ಲ, ಕ್ರಿಟಾ, ಗಿಂಪ್‌ನಂಥವು ಉಚಿತವಾಗಿ ದೊರೆಯುತ್ತವೆ.

ಮುಖದ ಅಳತೆ ಮತ್ತು ಹೋಲಿಕೆ

ಮಕ್ಕಳು ಮುಖ ಬರೆಯುವಾಗ ಕಣ್ಣುಗಳನ್ನು ಬಹಳ ಮೇಲಕ್ಕೆ, ಹಣೆಯ ಜಾಗದಲ್ಲಿ ಇಡುತ್ತಾರೆ. ಕಣ್ಣು, ಮೂಗು, ಬಾಯಿಯ ಮೇಲೆಯೇ ಗಮನ ಇರುವುದರಿಂದ ಹಣೆ ಮತ್ತು ತಲೆಗೂದಲಿಗೆ ಎಷ್ಟು ಜಾಗ ಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ದೊಡ್ಡವರ ಮುಖದಲ್ಲಿ ಕಣ್ಣುಗಳು ಸುಮಾರು ನಡುಮಧ್ಯದಲ್ಲಿರುತ್ತವೆ. ಎರಡು ಕಣ್ಣುಗಳ ನಡುವೆ ಸುಮಾರು ಒಂದು ಕಣ್ಣಿನಷ್ಟು ಅಂತರ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ತುದಿಯ ಮಟ್ಟದವರೆಗೆ. ಇದನ್ನು ಹೇಳಿಕೊಡುವ ಬದಲು ಪಕ್ಕದ ಗೆಳೆಯರ ಮುಖವನ್ನು ಪೆನ್ಸಿಲ್ ಹಿಡಿದು ಅಳೆಯಲು ಬಿಟ್ಟರೆ ಮಕ್ಕಳೇ ಕಂಡುಕೊಳ್ಳುತ್ತಾರೆ.

ಆದರೆ ಅಳತೆ ಸರಿಯಾದ ಮಾತ್ರಕ್ಕೆ ಹೋಲಿಕೆ ಬರುವುದಿಲ್ಲ. ಮೇಲಿನ ಅಳತೆಗಳೆಲ್ಲ ಸರಾಸರಿ. ಹೋಲಿಕೆ ಇರುವುದು ಆ ಸರಾಸರಿಯಿಂದ ಒಂದು ಮುಖ ಎಲ್ಲೆಲ್ಲಿ ಬೇರೆಯಾಗಿದೆ ಎಂಬುದರಲ್ಲಿ. ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಕನ್ನಡದ ‘ಕೊರವಂಜಿ’ ಪತ್ರಿಕೆಗೂ ಚಿತ್ರ ಬರೆದವರು. ಮುಂಬಯಿಯ ಜೆ. ಜೆ. ಕಲಾಶಾಲೆ ಅವರ ಅರ್ಜಿಯನ್ನು ತಿರಸ್ಕರಿಸಿತ್ತೆಂಬುದು ಪ್ರಸಿದ್ಧ. ಅವರ ‘ಶ್ರೀಸಾಮಾನ್ಯ’ನನ್ನು ನೆನಪಿಸಿಕೊಳ್ಳಿ: ಬೋಳುತಲೆಯ ಅಂಚಿನ ಕೂದಲು, ಪೊದೆಮೀಸೆ, ದುಂಡು ಕನ್ನಡಕ, ಚೌಕುಳಿ ಕೋಟು. ಇಷ್ಟೇ ಗೆರೆಗಳು ಸಾಕಾಗುತ್ತವೆ, ಏಕೆಂದರೆ ಬೇರೆತನ ಇರುವ ಕಡೆಗಳಲ್ಲೇ ಗೆರೆ ಬಿದ್ದಿದೆ.

ಸಿನಿಮಾ ಏನು ಕೊಡುತ್ತದೆ, ಬದುಕು ಏನು ಕೊಡುತ್ತದೆ

ಇಂದಿನ ಡಿಜಿಟಲ್ ಚಿತ್ರಕಾರರಲ್ಲಿ ಅನೇಕರು ಸಿನಿಮಾ ಪಾತ್ರಗಳನ್ನು ಬರೆಯುತ್ತಾರೆ. ಇದರಲ್ಲಿ ಹಗುರವಾದದ್ದೇನೂ ಇಲ್ಲ. ಎಂ. ಎಫ್. ಹುಸೇನ್ ಮುಂಬಯಿಯಲ್ಲಿ ಆರಂಭಿಸಿದ್ದೇ ಸಿನಿಮಾ ಫಲಕಗಳನ್ನು ಬರೆಯುವ ಕೆಲಸದಿಂದ. ಸಿನಿಮಾದ ಒಂದು ಚೌಕಟ್ಟಿನಲ್ಲಿ ಛಾಯಾಗ್ರಾಹಕರು ಬೆಳಕಿನ ದಿಕ್ಕನ್ನೂ ನಿರ್ದೇಶಕರು ಭಾವದ ಕ್ಷಣವನ್ನೂ ಆಗಲೇ ಆಯ್ದಿರುತ್ತಾರೆ. ಆದ್ದರಿಂದ ಕಲಿಯುವವರಿಗೆ ಅದು ಸಿದ್ಧ ಪಾಠ: ಬೆಳಕು ಎಡದಿಂದ ಬಂದರೆ ಮೂಗಿನ ನೆರಳು ಎಲ್ಲಿ ಬೀಳುತ್ತದೆ? ಕಣ್ಣಿನ ಹೊಳಪಿನ ಚುಕ್ಕೆ ಯಾವ ಕಡೆಗಿದೆ?

ತೊಂದರೆಯೂ ಅಲ್ಲೇ ಇದೆ. ಆಯ್ಕೆಯೆಲ್ಲ ಬೇರೆಯವರದಾದರೆ ಮಗುವಿಗೆ ಉಳಿಯುವುದು ನಕಲು ಮಾತ್ರ. ದಿನನಿತ್ಯದ ಮುಖ ಇದನ್ನು ತುಂಬಿಕೊಡುತ್ತದೆ. ಬಸ್ಸಿಗೆ ಕಾಯುವವರು, ಹೂ ಕಟ್ಟುವವರು, ಬಿಸಿಯೂಟ ಬಡಿಸುವವರು ಯಾರೂ ನಮಗಾಗಿ ಬೆಳಕು ಹೊಂದಿಸಿಕೊಂಡು ಕೂರುವುದಿಲ್ಲ. ಎಲ್ಲಿ ನಿಂತು ನೋಡಬೇಕು, ಯಾವ ಕ್ಷಣ ಹಿಡಿಯಬೇಕು ಎಂಬುದನ್ನು ಮಗುವೇ ತೀರ್ಮಾನಿಸಬೇಕು.

ಇವೆರಡರ ನಡುವಿನ ಸೇತುವೆಯಾಗಿ ನಾನು ‘ತಿಥಿ’ ಚಿತ್ರವನ್ನು ಸೂಚಿಸುತ್ತೇನೆ. ರಾಮ್ ರೆಡ್ಡಿ ನಿರ್ದೇಶಿಸಿದ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಹಿನ್ನೆಲೆಯ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಪಾತ್ರ ಮಾಡಿದವರು ವೃತ್ತಿನಟರಲ್ಲ, ಆ ಕಡೆಯ ಹಳ್ಳಿಯ ಜನ. ಗಡ್ಡಪ್ಪನ ಬಿಳಿಗಡ್ಡ, ಬಿಸಿಲಿಗೆ ಕಂದಿದ ಮುಖ, ಕಣ್ಣಿನ ಸುತ್ತಲಿನ ಸುಕ್ಕು ಇವನ್ನೆಲ್ಲ ನೋಡಿದ ಮಗು, ‘ಇಂಥವರು ನಮ್ಮೂರಲ್ಲೂ ಇದ್ದಾರೆ’ ಎನ್ನುತ್ತದೆ. ಪಾಠಕ್ಕೆ ಬೇಕಾದದ್ದು ಆ ಮಾತು. ಇಡೀ ಚಿತ್ರ ತೋರಿಸಬೇಕಾಗಿಲ್ಲ. ಒಂದು ಸ್ಥಿರಚಿತ್ರ ಸಾಕು.

ಬಣ್ಣದ ಪ್ರಶ್ನೆ

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಅಮೆರಿಕದ ಕ್ರೇಯೋಲಾ ಕಂಪನಿ ತನ್ನ ‘ಫ್ಲೆಶ್’ ಎಂಬ ಬಣ್ಣದ ಹೆಸರನ್ನು 1962ರಲ್ಲಿಯೇ ‘ಪೀಚ್’ ಎಂದು ಬದಲಿಸಿತು. ನಮ್ಮ ತರಗತಿಗಳಲ್ಲಿ ‘ಸ್ಕಿನ್ ಕಲರ್’ ಎಂಬ ಮಾತು ಇನ್ನೂ ಹಾಗೆಯೇ ಓಡಾಡುತ್ತಿದೆ. ಡಿಜಿಟಲ್ ಉಪಕರಣ ಇದನ್ನು ಸರಿಪಡಿಸಲು ಒಳ್ಳೆಯ ಸಾಧನ. ಚಿತ್ರದ ಯಾವುದೇ ಜಾಗದ ಬಣ್ಣವನ್ನು ಹೀರಿಕೊಂಡು ತೋರಿಸುವ ಗುಂಡಿ ಎಲ್ಲ ತಂತ್ರಾಂಶಗಳಲ್ಲೂ ಇರುತ್ತದೆ. ಒಬ್ಬರದೇ ಮುಖದ ಹಣೆ, ಕೆನ್ನೆ, ಮೂಗಿನ ತುದಿ, ಗಲ್ಲದ ಕೆಳಗು, ಕಿವಿ ಈ ಐದು ಕಡೆಯಿಂದ ಬಣ್ಣ ತೆಗೆದು ಐದು ಚೌಕಗಳಾಗಿ ಪಕ್ಕಪಕ್ಕ ಇಟ್ಟು ತೋರಿಸಿ. ಸಾಮಾನ್ಯವಾಗಿ ಐದೂ ಬೇರೆಬೇರೆಯಾಗಿರುತ್ತವೆ. ಒಂದೇ ಮುಖಕ್ಕೇ ಒಂದು ಬಣ್ಣ ಸಾಲದಿರುವಾಗ ಎಲ್ಲರ ಮುಖಕ್ಕೂ ಒಂದೇ ಕಡ್ಡಿ ಹೇಗೆ ಸಾಕು ಎಂಬುದನ್ನು ಮಕ್ಕಳೇ ಕೇಳುತ್ತಾರೆ.

ಒಂದು ಎಚ್ಚರಿಕೆ. ಕೆಲವು ಮೊಬೈಲ್ ಕ್ಯಾಮೆರಾಗಳು ಮುಖವನ್ನು ತಾವಾಗಿಯೇ ನುಣುಪು ಮಾಡಿ, ಬಿಳುಪಾಗಿಸಿಬಿಡುತ್ತವೆ. ಬಣ್ಣ ಹುಡುಕುವ ಮೊದಲು ಆ ಸೌಲಭ್ಯವನ್ನು ನಿಲ್ಲಿಸಿ. ಇಲ್ಲವಾದರೆ ಕ್ರೇಯಾನ್ ಮಾಡಿದ ತಪ್ಪನ್ನೇ ಮೊಬೈಲೂ ಮಾಡುತ್ತದೆ.

ನಕಲು, ಹಕ್ಕು, ಒಪ್ಪಿಗೆ

ಫೋಟೋದ ಮೇಲೆ ಪದರವಿಟ್ಟು ಗೆರೆ ಎಳೆಯುವುದು ತಪ್ಪೇ ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಅಭ್ಯಾಸಕ್ಕಾದರೆ ತಪ್ಪಲ್ಲ, ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದಿದ ಹಾಗೆ. ಆದರೆ ಅದನ್ನು ‘ನೋಡಿ ಬರೆದದ್ದು’ ಎನ್ನಬಾರದು. ಚಿತ್ರದ ಕೆಳಗೆ ‘ಫೋಟೋದ ಮೇಲೆ ಎಳೆದದ್ದು’ ಅಥವಾ ‘ನೋಡಿ ಬರೆದದ್ದು’ ಎಂದು ಬರೆಸಿದರೆ ಮಕ್ಕಳಿಗೆ ಪ್ರಾಮಾಣಿಕತೆ ಅಭ್ಯಾಸವಾಗುತ್ತದೆ.

ಕಾನೂನಿನ ವಿಷಯವೂ ಸ್ವಲ್ಪ ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು ಅದು ಪ್ರಕಟವಾದ ನಂತರ 60 ವರ್ಷ ಇರುತ್ತದೆ. ಅದರೊಳಗಿನ ಒಂದು ಸ್ಥಿರಚಿತ್ರಕ್ಕೂ ಅದು ಅನ್ವಯಿಸುತ್ತದೆ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಮಾಡಿಕೊಳ್ಳುವ ಪ್ರತಿಗೆ 52ನೆಯ ಕಲಂ ವಿನಾಯಿತಿ ಕೊಡುತ್ತದೆ. ತರಗತಿಯಲ್ಲಿ ಬರೆಯುವುದು ಬೇರೆ, ಮುದ್ರಿಸಿ ಮಾರುವುದು ಬೇರೆ. ದಿನನಿತ್ಯದ ಜನರ ವಿಷಯದಲ್ಲಿ ಕಾನೂನಿಗಿಂತ ಮೊದಲು ಮರ್ಯಾದೆ: ‘ನಿಮ್ಮ ಚಿತ್ರ ಬರೆಯಲೇ?’ ಎಂದು ಕೇಳುವುದು, ಬರೆದದ್ದನ್ನು ಅವರಿಗೆ ತೋರಿಸುವುದು.

ಎರಡು ಅವಧಿಗಳ ಪಾಠಯೋಜನೆ

ಕಂಪ್ಯೂಟರ್ ಇಲ್ಲದ ಶಾಲೆಯಲ್ಲೂ ಈ ಪಾಠ ಮಾಡಬಹುದು. ಶಿಕ್ಷಕರ ಒಂದು ಮೊಬೈಲ್, ತಂಡಕ್ಕೆ ಎರಡು ಪಾರದರ್ಶಕ ಹಾಳೆ, ಮಾರ್ಕರ್ ಪೆನ್ನು, ಡ್ರಾಯಿಂಗ್ ಹಾಳೆ, ಕ್ರೇಯಾನ್ ಸಾಕು. ಮೊದಲ 40 ನಿಮಿಷದಲ್ಲಿ ಸಿನಿಮಾ ಮುಖವೊಂದನ್ನು ನೋಡಿ ಬೆಳಕಿನ ದಿಕ್ಕು ಗುರುತಿಸುವುದು, ಗೆಳೆಯರ ಮುಖ ಅಳೆಯುವುದು, ಒಂದು ಪಾರದರ್ಶಕ ಹಾಳೆಯಲ್ಲಿ ಅಳತೆಯ ಗೆರೆ, ಅದರ ಮೇಲಿನ ಹಾಳೆಯಲ್ಲಿ ಹೊರಗೆರೆ ಹಾಕುವುದು. ಅಳತೆಯ ಹಾಳೆಯನ್ನು ಎಳೆದು ತೆಗೆದಾಗ ಪದರ ಎಂದರೇನೆಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಮನೆಗೆಲಸ: ಮನೆಯ ಅಥವಾ ಬೀದಿಯ ಒಬ್ಬರನ್ನು ಒಪ್ಪಿಗೆ ಪಡೆದು ಐದು ನಿಮಿಷ ಗಮನಿಸಿ, ಅವರ ಮುಖದಲ್ಲಿ ಬೇರೆಯವರಿಗಿಲ್ಲದ ಮೂರು ಅಂಶ ಬರೆದು ತರುವುದು. ಎರಡನೆಯ ಅವಧಿಯಲ್ಲಿ ಐದು ಚೌಕಗಳ ಬಣ್ಣದ ಪ್ರಯೋಗ, ಬಳಿಕ ಆ ಮೂರು ಅಂಶಗಳನ್ನು ಆಧರಿಸಿದ ಭಾವಚಿತ್ರ. ಮೌಲ್ಯಮಾಪನ ಅಂದದ ಮೇಲಲ್ಲ: ಮೂರು ಅಂಶಗಳು ಚಿತ್ರದಲ್ಲಿ ಕಾಣುತ್ತವೆಯೇ, ಬೆಳಕು ಒಂದೇ ದಿಕ್ಕಿನಿಂದ ಬಂದಿದೆಯೇ, ಬಣ್ಣವನ್ನು ನೋಡಿ ಬೆರೆಸಿದ್ದಾರೆಯೇ.

ಮರುದಿನ ನಾನು ಆ ಪ್ರಶಿಕ್ಷಣಾರ್ಥಿಯ ಬಳಿ ನನ್ನ ತಪ್ಪನ್ನೂ ಒಪ್ಪಿಕೊಂಡು ಈ ಯೋಜನೆಯ ಬಗ್ಗೆ ಮಾತಾಡಿದೆ. ಅವರು ಅದೇ ತರಗತಿಗೆ ಮತ್ತೆ ಹೋಗಲು ತಾವಾಗಿಯೇ ಮುಂದಾದರು. ಎರಡನೆಯ ಅವಧಿಯಲ್ಲಿ ಆ ಹುಡುಗಿ ಕಂದಿನ ಮೇಲೆ ಸ್ವಲ್ಪ ಕೆಂಪು, ಅದರ ಮೇಲೆ ಹಳದಿ, ಕಣ್ಣಿನ ಕೆಳಗೆ ತುಸು ನೀಲಿ ತೀಡುತ್ತಾ ಕೂತಿದ್ದಳು. ಗಂಟೆ ಹೊಡೆದರೂ ಏಳಲಿಲ್ಲ. ಅವಳು ಬರೆದಿದ್ದ ಮೂರು ಅಂಶಗಳಲ್ಲಿ ಒಂದು, ‘ಅಜ್ಜಿ ನಗುವಾಗ ಒಂದೇ ಕಣ್ಣು ಮುಚ್ಚುತ್ತದೆ.’ ಚಿತ್ರದಲ್ಲೂ ಒಂದು ಕಣ್ಣು ಮುಚ್ಚಿತ್ತು. ಈ ಸಲ ವೀಕ್ಷಣಾ ಪುಸ್ತಕದಲ್ಲಿ ಸಮಯಪಾಲನೆಯ ಅಂಕಣವನ್ನು ಖಾಲಿ ಬಿಟ್ಟು, ಆ ವಾಕ್ಯವನ್ನು ಬರೆದುಕೊಂಡೆ.