ವೆಂಗಿಯ ಮನೆತನ, ಲಕ್ಕುಂಡಿಯ ಅತ್ತಿಮಬ್ಬೆ

ಹುಟ್ಟಿದ ನಾಡು ಬಿಟ್ಟು ಬಂದವರು ಹೊಸ ಊರನ್ನ ತಮ್ಮದು ಮಾಡಿಕೊಳ್ಳೋದು ಹೇಗೆ? ಲಕ್ಕುಂಡಿಗೆ ಬನ್ನಿ, ಗದಗದಿಂದ ಸುಮಾರು 12 ಕಿಲೋಮೀಟರ್.

ಇದು ಬ್ರಹ್ಮ ಜಿನಾಲಯ ಅನ್ನೋ ಜೈನ ಬಸದಿ. 1007ರ ಹೊತ್ತಿಗೆ ಕಟ್ಟಿಸಿದವಳು ಅತ್ತಿಮಬ್ಬೆ. ಆಕೆಯ ತವರಿನ ಮೂಲ ವೆಂಗಿಮಂಡಲದ ಕಮ್ಮೆನಾಡು, ಅಂದರೆ ಇಂದಿನ ಆಂಧ್ರಪ್ರದೇಶ. ಆಗ ಈ ಊರಿನ ಹೆಸರು ಲೊಕ್ಕಿಗುಂಡಿ. ಸಾವಿರ ಮಹಾಜನರಿದ್ದ, ಟಂಕಸಾಲೆಯಿದ್ದ ಊರು. ಇಲ್ಲಿನ ಲೊಕ್ಕಿ ಗದ್ಯಾಣ ಅನ್ನೋ ಚಿನ್ನದ ನಾಣ್ಯಕ್ಕೆ ದೂರದೂರದವರೆಗೆ ಹೆಸರಿತ್ತು.

ಗಂಡ ನಾಗದೇವ ಚಾಲುಕ್ಯರ ದಂಡನಾಯಕ. ಆತ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಆತನನ್ನೇ ಮದುವೆಯಾಗಿದ್ದ ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಬದುಕಿದಳು. ಆ ಕಾಲಕ್ಕೆ ಅದು ಎಷ್ಟು ಗಟ್ಟಿ ನಿರ್ಧಾರ!

ಆಮೇಲೆ ಆಕೆ ಮಾಡಿದ ಕೆಲಸ ಕೇಳಿ. ಹೊರನಾಡಿನಿಂದ ಬಂದ ಅಪ್ಪ ಮಲ್ಲಪಯ್ಯ, ಚಿಕ್ಕಪ್ಪ ಪುನ್ನಮಯ್ಯ ಕನ್ನಡದ ಕವಿ ಪೊನ್ನನಿಂದ ಶಾಂತಿಪುರಾಣ ಬರೆಸಿದ್ದರು. ಮಗಳು ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ ಅದು. ಒಂದೊಂದು ತಾಳೆಗರಿಯನ್ನೂ ಲಿಪಿಕಾರರು ಕಂಠ ಅನ್ನೋ ಚೂಪು ಲೇಖನಿಯಿಂದ ಕೊರೆದೇ ಬರೆಯಬೇಕು. ಸಾವಿರ ಪ್ರತಿಗೆ ಎಷ್ಟು ತಾಳೆಗರಿ, ಎಷ್ಟು ಕೈ, ಎಷ್ಟು ಕೂಲಿ ಬೇಕಾಗಿರಬಹುದು, ಯೋಚನೆ ಮಾಡಿ. ಕನ್ನಡ ಪುಸ್ತಕಕ್ಕೆ ಇಷ್ಟು ದೊಡ್ಡ ಮನಸ್ಸು ತೋರಿಸಿದವರು ಅಪರೂಪ.

ಮುಧೋಳದ ಬಳೆಗಾರರ ಮನೆಯ ಹುಡುಗ, ಕವಿ ರನ್ನನಿಗೂ ಆಕೆಯೇ ಆಸರೆ. 993ರಲ್ಲಿ ಆತ ಅಜಿತಪುರಾಣ ಬರೆದು, ಅದರಲ್ಲಿ ಈ ಮನೆತನದ ಕಥೆಯನ್ನೂ ಸೇರಿಸಿದ. ಜನ ಆಕೆಯನ್ನ ದಾನಚಿಂತಾಮಣಿ ಅಂದರು. ಕರ್ನಾಟಕ ಸರ್ಕಾರ ಲೇಖಕಿಯರಿಗೆ ಕೊಡುವ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ ಇವತ್ತಿಗೂ ಅದೇ ಹೆಸರಿನಲ್ಲಿದೆ.