ಅಮಲಿನಲ್ಲಿ ಬಂದ ಮಾತು

"ನಾನು ಸತ್ರೇ ನಿಮಗೆಲ್ಲ ನೆಮ್ಮದಿ." ರಾತ್ರಿ ಕುಡಿದು ಬಂದ ಗಂಡ ಹೀಗೆಂದರೆ ಮನೆಯವರು ಕಿವಿಗೆ ಹಾಕಿಕೊಳ್ಳುವುದು ಕಡಿಮೆ. ಎಷ್ಟು ಸಲ ಕೇಳಿದ್ದಾರೋ! ಬೆಳಗಾದರೆ ಅವನಿಗೇ ನೆನಪಿರುವುದಿಲ್ಲ, ಇವರೂ ಕೆದಕುವುದಿಲ್ಲ. ಮನೋವೈದ್ಯರು ಮಾತ್ರ ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳಾದವು, ಶೇ. 6.8ಕ್ಕೆ ಕುಡಿತ ಅಥವಾ ಮಾದಕ ವ್ಯಸನ ಕಾರಣವೆಂದು ದಾಖಲಾಗಿದೆ. 'ಕೌಟುಂಬಿಕ ಸಮಸ್ಯೆ' ಎಂಬ ಕಲಮಿನಲ್ಲಿ ಸೇರಿಹೋದ ಸಾವುಗಳ ಹಿಂದೆಯೂ ಕುಡಿತ ಇರಬಹುದು.

ಅಮಲೇರಿದಾಗ ಮಿದುಳಿನ ಮುಂಭಾಗ, ಅಂದರೆ 'ತಡಿ, ಯೋಚಿಸು' ಎನ್ನುವ ಭಾಗ, ಮಂಕಾಗುತ್ತದೆ. ಆ ಹೊತ್ತಿನ ಅವಮಾನವೊಂದೇ ದೊಡ್ಡದಾಗಿ ಕಂಡು, ಮಕ್ಕಳು, ನಾಳೆ, ಬೇರೆ ದಾರಿ ಯಾವುದೂ ಹೊಳೆಯುವುದಿಲ್ಲ. ವರ್ಷಗಟ್ಟಲೆ ಕುಡಿದವರಿಗೆ ನಿದ್ದೆ ಕೆಟ್ಟು ಖಿನ್ನತೆಯೂ ಕವಿದಿರುತ್ತದೆ. ಕುಡಿತದಿಂದಲೇ ಬಂದ ಖಿನ್ನತೆ, ಬಿಟ್ಟ ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಇಳಿಯದಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಆದರೆ 'ಮೊದಲು ಕುಡಿತ ಬಿಡಲಿ, ಮನಸ್ಸಿನ ವಿಚಾರ ಆಮೇಲೆ' ಎಂದು ಕೈಕಟ್ಟಿ ಕೂರುವಂತಿಲ್ಲ. ಬಿಡುವ ದಿನಗಳೇ ನಾಜೂಕು. ದಿನವೂ ವಿಪರೀತ ಕುಡಿಯುವವರು ಆಣೆ ಹಾಕಿ ಥಟ್ಟನೆ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಎರಡು-ಮೂರು ದಿನಗಳಲ್ಲಿ ಭ್ರಮೆ ಬರಬಹುದು. ವೈದ್ಯರ ನಿಗಾದಲ್ಲೇ ನಿಲ್ಲಿಸಬೇಕು. ಹೆಂಡತಿ ತವರಿಗೆ ಹೋದಾಗ, ಆಸ್ಪತ್ರೆಯಿಂದ ಮನೆಗೆ ಮರಳಿದಾಗ, ಬಿಟ್ಟವರು ಮತ್ತೆ ಕುಡಿದಾಗಲೂ ಮನಸ್ಸು ಇಷ್ಟೇ ನಾಜೂಕು. ಮತ್ತೆ ಕುಡಿದ ದಿನ ಅವರೇ ತಮ್ಮನ್ನು ಶಪಿಸಿಕೊಳ್ಳುತ್ತಿರುತ್ತಾರೆ, ಮನೆಯವರ ಬೈಗುಳವೂ ಅದಕ್ಕೆ ಸೇರಬೇಕಿಲ್ಲ.

ಅಮಲಿನಲ್ಲಿ ಅಂಥ ಮಾತು ಬಂದ ರಾತ್ರಿ ಒಬ್ಬರನ್ನೇ ಬಿಡಬಾರದು. ಅಮಲಿಳಿದ ಮೇಲೆ ನೇರವಾಗಿ ಕೇಳಬೇಕು: "ರೀ, ನಿನ್ನೆ ಸಾಯ್ತೀನಿ ಅಂದ್ರಲ್ಲ, ನಿಜವಾಗ್ಲೂ ಹಾಗನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆಂಬ ಅಂಜಿಕೆಗೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ.

ಉತ್ತರ ಹೌದಾದರೆ ನೆರವಿಗಿರುವುದು ಅಮೆರಿಕದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ; ಅದು ಒಂದು ಹಾಳೆಯಷ್ಟು. ಯಾವ ಸೂಚನೆ ಕಂಡರೆ ಎಚ್ಚರವಾಗಬೇಕು, ಮನಸ್ಸನ್ನು ಹೇಗೆ ಬೇರೆಡೆ ತಿರುಗಿಸಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ರೋಗಿಯೇ ತನ್ನ ಮಾತಿನಲ್ಲಿ ಬರೆಯುತ್ತಾನೆ. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಇದರ ಜೊತೆಗೆ ಫೋನಿನಲ್ಲಿ ವಿಚಾರಿಸಿಕೊಳ್ಳುತ್ತಿದ್ದವರಲ್ಲಿ ಆರು ತಿಂಗಳ ಆತ್ಮಹತ್ಯಾ ವರ್ತನೆ ಶೇ. 45ರಷ್ಟು ಕಡಿಮೆ ಕಂಡಿತೆಂದು 2018ರ ವರದಿ ಹೇಳುತ್ತದೆ. ಕುಡಿಯುವವರ ಹಾಳೆಯಲ್ಲಿ 'ಬಾರಿನ ಕಡೆ ಕಾಲೆಳೆದಾಗ' ಎಂಬುದೇ ಮೊದಲ ಸಾಲಾಗಲಿ ಎನ್ನುತ್ತೇನೆ.

ಹಾಳೆಯ ಕೊನೆಯ ಹೆಜ್ಜೆ, ಅಪಾಯದ ವಸ್ತುಗಳನ್ನು ದೂರವಿಡುವುದು. ಸಾಯುವ ತೀವ್ರ ತುಡಿತ ಹೆಚ್ಚಾಗಿ ಅಲ್ಪಕಾಲದ್ದು. ಆ ಹೊತ್ತು ದಾಟಿದರೆ ಬಹುತೇಕರು ಉಳಿಯುತ್ತಾರೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯಾ ಪ್ರಮಾಣ ಶೇ. 70ರಷ್ಟು ಇಳಿಯಿತು. ನಮ್ಮ ರೈತರ ಮನೆಗಳಲ್ಲೂ ಔಷಧಿ ಡಬ್ಬ ಬೀಗದಲ್ಲಿರಲಿ, ಕೀಲಿ ಬೇರೆಯವರ ಬಳಿಯಿರಲಿ.

ಪೊಲೀಸ್ ಕೇಸಾಗುತ್ತದೆಂದು ಆಸ್ಪತ್ರೆಗೆ ಹೋಗಲು ಹೆದರುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯ ಬದಲು ಆರೈಕೆ ಕೊಡಬೇಕೆನ್ನುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ; ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ. ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ. ಹೆಂಡತಿಯೋ ಅಣ್ಣನೋ ಮಾಡಿದರೂ ಆದೀತು.