ನಿಂತು ದುಡಿಯುವವರ ಕಾಲಿನ ನರ: ಕಡೆಗಣಿಸಬೇಡಿ

ನಸುಕಿನಲ್ಲಿ ಒಲೆ ಹಚ್ಚಿದರೆ ಕೊನೆಯ ಪಂಕ್ತಿ ಎದ್ದು ಪಾತ್ರೆ ಲಾರಿ ಹತ್ತುವವರೆಗೆ ನಮ್ಮ ಕಸುಬಿನಲ್ಲಿ ಕೂರುವುದೆಂಬುದಿಲ್ಲ. ಸಂಜೆಗೆ ಕಾಲು ಭಾರ, ಪಾದದ ಗಂಟಿನ ಸುತ್ತ ಊತ, ರಾತ್ರಿ ಮೀನಖಂಡದಲ್ಲಿ ಸೆಳೆತ. "ನಿಂತದ್ದಕ್ಕೆ ನೋವು, ಮಲಗಿದರೆ ಹೋಗುತ್ತದೆ" ಎಂದು ಎಣ್ಣೆ ತಿಕ್ಕಿಕೊಂಡು ಮಲಗುತ್ತೇವೆ. ಕೆಲವು ವರ್ಷಗಳಲ್ಲಿ ಮೊಣಕಾಲಿನ ಕೆಳಗೆ ನೀಲಿ ನರಗಳು ಹಗ್ಗದಂತೆ ಉಬ್ಬಿ ನಿಲ್ಲುತ್ತವೆ. ಇದಕ್ಕೆ ವೈದ್ಯರು ಹೇಳುವ ಹೆಸರು ವೆರಿಕೋಸ್ ವೇನ್ಸ್.

ನಾವು ನರ ಎನ್ನುವುದು ವಾಸ್ತವದಲ್ಲಿ ಅಶುದ್ಧ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಅಭಿಧಮನಿ. ಕಾಲಿನಿಂದ ರಕ್ತ ಮೇಲೇರಬೇಕು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಒಳಗಿರುವ ಪುಟ್ಟ ಕವಾಟಗಳು ಕೆಳಗೆ ಜಾರದಂತೆ ತಡೆಯುತ್ತವೆ. ಒಂದೇ ಕಡೆ ನಿಂತರೆ ಈ ಪಂಪು ನಿಲ್ಲುತ್ತದೆ. ಒತ್ತಡ ಹೆಚ್ಚಿ ನಾಳ ಹಿಗ್ಗುತ್ತದೆ, ಕವಾಟ ಸಡಿಲವಾಗುತ್ತದೆ. ಒಲೆಯ ಕಾವಿಗೂ ನಾಳಗಳು ಹಿಗ್ಗುವುದರಿಂದ ನಮ್ಮವರಿಗೆ ತೊಂದರೆ ಇನ್ನಷ್ಟು ಕಾಣಿಸಿಕೊಳ್ಳುತ್ತದೆ.

ಎಷ್ಟು ಜನರಿಗೆ?

2012ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ 20 ದೇಶಗಳ 91,000ಕ್ಕೂ ಹೆಚ್ಚು ಜನರ ಕಾಲುಗಳನ್ನು ಪರೀಕ್ಷಿಸಲಾಯಿತು. ನೂರಕ್ಕೆ ಸುಮಾರು 64 ಮಂದಿಯಲ್ಲಿ ಕಣ್ಣಿಗೆ ಕಾಣುವ ಗುರುತುಗಳಿದ್ದವು. ಇನ್ನು ಸುಮಾರು 20 ಮಂದಿಗೆ ಗುರುತಿರಲಿಲ್ಲ, ಆದರೆ ನೋವು, ಭಾರ ಇತ್ತು. ಇವರೆಲ್ಲ ಯಾವುದೋ ಕಾರಣಕ್ಕೆ ವೈದ್ಯರ ಬಳಿ ಬಂದವರು ಎಂಬುದನ್ನು ನೆನಪಿಡಬೇಕು. ಚರ್ಮದ ಮೇಲಿನ ಜೇಡರಬಲೆಯಂಥ ಸಣ್ಣ ಗೆರೆಗಳೂ ಈ ಲೆಕ್ಕದಲ್ಲಿ ಸೇರಿವೆ. ಹಾಗಾಗಿ ಗಾಬರಿ ಬೇಡ. ಅಪರೂಪದ ಕಾಯಿಲೆ ಎಂಬ ಭಾವನೆಯೂ ಬೇಡ.

"ಇದು ಹೆಂಗಸರ ಕಾಯಿಲೆ" ಎನ್ನುವವರಿದ್ದಾರೆ. ಹೆಚ್ಚಿನ ಅಧ್ಯಯನಗಳಲ್ಲಿ ಹೆಂಗಸರ ಸಂಖ್ಯೆಯೇ ಹೆಚ್ಚು, ನಿಜ. ಆದರೆ 1999ರಲ್ಲಿ ವರದಿಯಾದ ಸ್ಕಾಟ್ಲೆಂಡಿನ ಎಡಿನ್‌ಬರೋ ಅಧ್ಯಯನದಲ್ಲಿ 18ರಿಂದ 64 ವಯಸ್ಸಿನ 1,566 ಜನರನ್ನು ನೋಡಿದಾಗ, ದೊಡ್ಡ ನಾಳ ಉಬ್ಬಿದ್ದು ಗಂಡಸರಲ್ಲಿ ನೂರಕ್ಕೆ 40, ಹೆಂಗಸರಲ್ಲಿ 32.

ಯಾರಿಗೆ ಹೆಚ್ಚು ಅಪಾಯ?

ವಯಸ್ಸು, ಬಸಿರು-ಬಾಣಂತನ, ಬೊಜ್ಜು, ಹಿಂದೆ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇವು ಮುಖ್ಯ ಕಾರಣಗಳು. ಮನೆತನದ ಪಾತ್ರ ದೊಡ್ಡದು. 1994ರ ಫ್ರಾನ್ಸಿನ ಅಧ್ಯಯನವೊಂದರ ಪ್ರಕಾರ ತಂದೆ ತಾಯಿ ಇಬ್ಬರಿಗೂ ಇದ್ದರೆ ಮಕ್ಕಳಿಗೆ ಬರುವ ಸಂಭವ ನೂರಕ್ಕೆ 90. ಇಬ್ಬರಿಗೂ ಇಲ್ಲದಿದ್ದರೆ 20.

ಇನ್ನು ನಮಗೆ ನೇರವಾಗಿ ಸಂಬಂಧಿಸಿದ್ದು ನಿಲ್ಲುವ ಕೆಲಸ. ಡೆನ್ಮಾರ್ಕಿನಲ್ಲಿ ದುಡಿಯುವ ಜನರನ್ನು 12 ವರ್ಷ ಗಮನಿಸಿದ ಅಧ್ಯಯನ 2005ರಲ್ಲಿ ಹೊರಬಂತು. ಕೆಲಸದ ವೇಳೆಯ ಮುಕ್ಕಾಲು ಪಾಲಾದರೂ ನಿಂತು ಅಥವಾ ನಡೆದು ಕಳೆಯುವವರು ವೆರಿಕೋಸ್ ವೇನ್ಸ್‌ಗಾಗಿ ಆಸ್ಪತ್ರೆ ಸೇರುವ ಸಂಭವ ಉಳಿದವರಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಹೆಚ್ಚಿತ್ತು. ವಯಸ್ಸು, ಮನೆತನ ನಮ್ಮ ಕೈಯಲ್ಲಿಲ್ಲ. ಕೆಲಸದವರನ್ನು ಎಷ್ಟು ಹೊತ್ತು ನಿಲ್ಲಿಸುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಬಿಟ್ಟರೆ ಏನಾಗುತ್ತದೆ? ಮೊದಲು ಊತ, ತುರಿಕೆ, ಆಮೇಲೆ ಪಾದದ ಗಂಟಿನ ಮೇಲೆ ಚರ್ಮ ಕಪ್ಪಾಗಿ ಗಟ್ಟಿಯಾಗುತ್ತದೆ, ಕೊನೆಗೆ ಹುಣ್ಣು. ಎಲ್ಲರಿಗೂ ಅಲ್ಲಿಯವರೆಗೆ ಹೋಗುವುದಿಲ್ಲ. ಆದರೆ ಒಮ್ಮೆ ಹುಣ್ಣಾದರೆ ಒಣಗಲು ತಿಂಗಳುಗಳೇ ಹಿಡಿಯಬಹುದು, ಒಣಗಿದರೂ ಮತ್ತೆ ಬರಬಹುದು. ಊರು ಬಿಟ್ಟು ಬಂದು ದಿನಗೂಲಿಗೆ ಸೌಟು ಹಿಡಿಯುವ ಅಡುಗೆಯವರಿಗೆ ಅಷ್ಟು ದಿನ ಕೂಲಿಯಿಲ್ಲವೆಂದರೆ ಊರಿಗೆ ಹಣ ಹೋಗುವುದಿಲ್ಲ ಎಂದೇ ಅರ್ಥ.

ನಾವು ಮಾಡಬಹುದಾದದ್ದು

• ತರಕಾರಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು, ಹೋಳಿಗೆ ಉಂಡೆ ಕಟ್ಟುವುದು ಇವನ್ನು ಕುಳಿತು ಮಾಡಿಸಿ. ಅಡುಗೆ ಸಾಮಾನಿನ ಜೊತೆ ನಾಲ್ಕು ಸ್ಟೂಲುಗಳೂ ಲಾರಿ ಹತ್ತಲಿ.

• ಒಲೆಯ ಮುಂದೆ ಒಬ್ಬರನ್ನೇ ದಿನವಿಡೀ ನಿಲ್ಲಿಸದೆ ಕೆಲಸ ಬದಲಾಯಿಸಿ.

• ನಿಂತಲ್ಲೇ ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ದೂರದ ಆರ್ಡರಿಗೆ ರಾತ್ರಿಯಿಡೀ ವ್ಯಾನಿನಲ್ಲಿ ಕೂತು ಹೋಗುವಾಗಲೂ ನಡುವೆ ಇಳಿದು ನಾಲ್ಕು ಹೆಜ್ಜೆ ಹಾಕಿ.

• ಪಂಕ್ತಿಗಳ ನಡುವೆ ಬಿಡುವು ಸಿಕ್ಕರೆ ಅಕ್ಕಿ ಮೂಟೆಯ ಮೇಲೆ ಕಾಲಿಟ್ಟು ಹತ್ತು ನಿಮಿಷ ಮಲಗಿ. ಕಾಲು ಎದೆಗಿಂತ ಮೇಲಿರಬೇಕು.

• ಬಿಗಿ ಸಾಕ್ಸ್ ಉಪಯುಕ್ತ. ಆದರೆ ವೈದ್ಯರನ್ನು ಕೇಳಿಯೇ ಹಾಕಿ. ಸಕ್ಕರೆ ಕಾಯಿಲೆಯಿದ್ದು ಕಾಲಿನ ರಕ್ತ ಸಂಚಾರ ಕಡಿಮೆಯಿರುವವರಿಗೆ ಅದರಿಂದಲೇ ಹಾನಿಯಾಗಬಹುದು.

ಚರ್ಮ ಕಪ್ಪಾದರೆ, ಹುಣ್ಣಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಡಾಪ್ಲರ್ ಸ್ಕ್ಯಾನ್‌ನಿಂದ ಯಾವ ಕವಾಟ ಕೆಟ್ಟಿದೆ ಎಂದು ತಿಳಿಯುತ್ತದೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ರಕ್ತ ಹೆಪ್ಪುಗಟ್ಟಿರಬಹುದು. ಉಬ್ಬಿದ ನಾಳ ಒಡೆದು ರಕ್ತ ಬಂದರೆ ಮಲಗಿಸಿ, ಕಾಲೆತ್ತಿ, ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ.

ಸದಸ್ಯ ಬಾಂಧವರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಆರ್ಡರಿಗೆ ಹೊರಡುವ ಮೊದಲು ನಿಮ್ಮ ಅಡುಗೆಯವರಿಗೆ, ಬಡಿಸುವ ಹುಡುಗರಿಗೆ ಪಂಚೆ, ಪ್ಯಾಂಟು ಮೇಲೆತ್ತಿ ಕಾಲು ತೋರಿಸಲು ಹೇಳಿ. ಅವರಾಗಿ ಹೇಳುವುದಿಲ್ಲ, ಕೆಲಸ ಹೋದೀತೆಂಬ ಅಂಜಿಕೆ. ನಾವೇ ಕೇಳಬೇಕು.